ಕ್ಷುದ್ರಗ್ರಹದಲ್ಲಿ ಊರು ಕಟ್ಟಬಹುದಾ? ಶಾಲೆಯಲ್ಲೇ ಹೀಗೆ ಲೆಕ್ಕ ಹಾಕಿ

ಕೋಲಾರದ ಹೈಸ್ಕೂಲ್ ಮಕ್ಕಳೇ, ಈ ಸಲ ವಿಜ್ಞಾನ ವಸ್ತುಪ್ರದರ್ಶನಕ್ಕೆ ಜ್ವಾಲಾಮುಖಿ ಬಿಡಿ, ಕ್ಷುದ್ರಗ್ರಹದ ಊರಿನ ಮಾದರಿ ಮಾಡಿ. ಸುಮ್ನೆ ರಾಕೆಟ್ ಚಿತ್ರ ಅಂಟಿಸಿದರೆ ಸಾಲದು, ಲೆಕ್ಕ ಇರಲಿ.

ಮೊದಲು ನೀರು. ಸಾವಿರ ಅಡಿ ಬೋರ್ ಕೊರೆಸಿದರೂ ಬರೀ ಧೂಳು ಬರೋದನ್ನ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಮಂಗಳ, ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲೇ ಎಲ್ಲಕ್ಕಿಂತ ದೊಡ್ಡದಾದ ಸೆರೆಸ್ ಆರಿಸಿಕೊಳ್ಳಿ. ಸುಮಾರು 940 ಕಿ.ಮೀ. ಅಗಲ, ಒಳಗೆ ಬೇಕಾದಷ್ಟು ಮಂಜುಗಡ್ಡೆ. 2015ರಿಂದ 2018ರವರೆಗೆ ನಾಸಾದ ಡಾನ್ ನೌಕೆ ಅದನ್ನ ಸುತ್ತಿ ನೋಡಿದೆ. ಆದರೆ ಮಂಜುಗಡ್ಡೆ ಇದೆ ಅಂತ ನೀರು ಚೆಲ್ಲೋ ಹಾಗಿಲ್ಲ. ಕೆ.ಸಿ. ವ್ಯಾಲಿ ಯೋಜನೆಯಿಂದ ನಮ್ಮ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ಬರುತ್ತೆ, ಮೂರನೇ ಹಂತವೂ ಬೇಕು ಅಂತ ಜನ ಕೇಳುತ್ತಲೇ ಇದ್ದಾರೆ ಅಲ್ವಾ? ಅಂತರಿಕ್ಷದ ಊರಲ್ಲಿ ಯಾವ ಹಂತವನ್ನೂ ಬಿಡೋಕಾಗಲ್ಲ. ಅಂತರಿಕ್ಷ ನಿಲ್ದಾಣದಲ್ಲಿ ಮೂತ್ರ, ಬೆವರು, ಉಸಿರಿನ ತೇವ ಎಲ್ಲ ಸೇರಿಸಿ ಶೇ 98ರಷ್ಟು ನೀರನ್ನ ಮತ್ತೆ ಬಳಸುವ ಮಟ್ಟ ಮುಟ್ಟಿದ್ದು 2023ರಲ್ಲಿ. ನಿಮ್ಮ ಚಾರ್ಟ್‌ನಲ್ಲಿ ಈ ಅಂಕಿ ದೊಡ್ಡದಾಗಿ ಬರೆಯಿರಿ.

ಚಿಕ್ಕ ಕಲ್ಲು ಯಾಕೆ ಬೇಡ ಅಂತಲೂ ತೋರಿಸಿ. ಬೆನ್ನು (Bennu) ಅನ್ನೋ ಕ್ಷುದ್ರಗ್ರಹ ಸುಮಾರು 500 ಮೀಟರ್ ಅಗಲದ್ದು, ಟೇಕಲ್ ಕಡೆ ಕ್ರಷರ್ ಪಕ್ಕ ಸುರಿದ ಜಲ್ಲಿ ರಾಶಿಯಂತೆ ಸಡಿಲ. 2020ರಲ್ಲಿ ಮಣ್ಣು ತೆಗೆಯೋಕೆ ಮುಟ್ಟಿದ ನೌಕೆಯ ಕೈ ಅರ್ಧ ಮೀಟರ್ ಒಳಗೇ ಹೋಯಿತು. ಅಲ್ಲಿ ಜೋರಾಗಿ ಜಿಗಿದರೆ ವಾಪಸ್ ಬೀಳೋದೇ ಇಲ್ಲ.

ಆಮೇಲೆ ತೂಕ, ಕಷ್ಟದ ಭಾಗ ಇದೇ. ಭೂಮಿಯಲ್ಲಿ 50 ಕೆ.ಜಿ. ತೂಗುವವರು ಸೆರೆಸ್‌ನಲ್ಲಿ ಒಂದೂವರೆ ಕೆ.ಜಿ.ಯೂ ತೂಗಲ್ಲ. ಹಾಗೇ ವರ್ಷಗಟ್ಟಲೆ ಇದ್ದರೆ ಮೂಳೆ, ಸ್ನಾಯು ಸವೆಯುವ ಅಪಾಯ ಇದೆ. ಅದಕ್ಕೆ ಸೆರೆಸ್ ಮೇಲೆ ಮನೆ ಬೇಡ, ಉಪಗ್ರಹದ ಹಾಗೆ ಅದನ್ನ ಸುತ್ತೋ, ಉಂಗುರದ ಆಕಾರದ ದೊಡ್ಡ ಊರು ಕಟ್ಟಿ, ಕಚ್ಚಾ ಸಾಮಾನು ಕೆಳಗಿಂದ ತನ್ನಿ. ಉಂಗುರದ ತ್ರಿಜ್ಯ ಸುಮಾರು 224 ಮೀಟರ್ ಇದ್ದು, ಅದು ಚಕ್ರದ ಹಾಗೆ ತನ್ನ ನಡುವಿನ ಸುತ್ತ ನಿಮಿಷಕ್ಕೆ ಎರಡು ಸುತ್ತು ತಿರುಗಿದರೆ ಭೂಮಿಯಷ್ಟೇ ತೂಕ ಸಿಗುತ್ತೆ. ವಿಕಿರಣ ತಡೆಯೋಕೆ ಗೋಡೆಗೆ ಮೀಟರುಗಟ್ಟಲೆ ಮಣ್ಣು ಅಥವಾ ನೀರಿನ ಹೊದಿಕೆ ಬೇಕು.

ಬಿಸಿಲು ಇಲ್ಲಿಯ ಎಂಟನೇ ಒಂದು ಭಾಗದಷ್ಟೇ, ಸೋಲಾರ್ ಫಲಕ ಅಷ್ಟು ಜಾಸ್ತಿ ಇಡಿ.

ಥರ್ಮಾಕೋಲ್‌ನಲ್ಲಿ ಉಂಗುರ ಮಾಡುವಾಗ ಒಂದು ಗಮನದಲ್ಲಿರಲಿ: ನೆಲ ಬರೋದು ಹೊರಗೋಡೆಯ ಒಳಮೈಯಲ್ಲಿ. ಗೊಂಬೆಗಳ ಕಾಲು ಹೊರಗೋಡೆ ಕಡೆ, ತಲೆ ನಡುವಿನ ಕಡೆ ಇರಬೇಕು. ತೀರ್ಪುಗಾರರು ಯಾಕೆ ಅಂತ ಕೇಳಿದರೆ ಬಕೆಟ್‌ಗೆ ನೀರು ಹಾಕಿ ಜೋರಾಗಿ ತಿರುಗಿಸಿ ತೋರಿಸಿ: ನೀರು ಚೆಲ್ಲದೆ ತಳಕ್ಕೇ ಒತ್ತಿಕೊಂಡಿರುತ್ತೆ, ಉಂಗುರದಲ್ಲಿ ಜನ ನೆಲಕ್ಕೆ ಒತ್ತಿಕೊಳ್ಳೋದೂ ಹೀಗೇ.