ಮಂಡಿಯ ಲೆಕ್ಕ ಪರದೆಯಿಂದ ಹೊರಬಂದ ಬಗೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಸಾಫ್ಟ್‌ವೇರ್ ನನ್ನ ಕೈಗೆ ಬಂದಾಗ ಇಡೀ ವ್ಯವಹಾರ 'ಉಳಿಸು' ಬಟನ್ನಿನ ಕ್ಲಿಕ್ ಈವೆಂಟಿನೊಳಗೇ, ಅಂದರೆ ಬಟನ್ ಒತ್ತಿದಾಗ ಓಡುವ ಕೋಡಿನೊಳಗೇ ಇತ್ತು. ತೂಕ ಓದುವುದು, ಚೀಲದ ತೂಕ ಕಳೆಯುವುದು, ಕ್ವಿಂಟಾಲ್ ದರಕ್ಕೆ ಗುಣಿಸುವುದು, ಹಮಾಲಿ, ಮುಂಗಡ, ಡೇಟಾಬೇಸು, ಕೊನೆಗೊಂದು ಮೆಸೇಜ್ ಬಾಕ್ಸು, ಎಲ್ಲವೂ ಒಂದೇ ಮೆಥಡ್, ಅಂದರೆ ಕೋಡಿನ ಒಂದೇ ತುಂಡು. ಅದೇ ಲೆಕ್ಕ ಮೊಬೈಲಿನಲ್ಲೂ ಬೇಕೆಂದು ಮಾಲೀಕರು ಕೇಳಿದರು. ಆದರೆ ಫಾರ್ಮ್ (ಕಂಪ್ಯೂಟರಿನ ಆ ಪರದೆ) ತೆರೆಯದೆ ಲೆಕ್ಕ ಮಾಡಿಸುವ ದಾರಿಯೇ ಇರಲಿಲ್ಲ.

ಮೊದಲು ಹಳೆಯ ಮಾರಾಟದ ಪಟ್ಟಿಗಳನ್ನು ತೆಗೆದು, ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆಯ ನಾಲ್ಕೂ ಬಗೆ ಬರುವಂತೆ ಟೆಸ್ಟ್ (ಹೊಸ ಕೋಡಿನ ಉತ್ತರವನ್ನು ಹಳೆಯ ಪಟ್ಟಿಯೊಂದಿಗೆ ತಾಳೆ ನೋಡುವ ಕೋಡ್) ಬರೆದೆ. ಕೋಡ್ ಎಷ್ಟು ಬದಲಾದರೂ ರೈತರ ಕೈಗೆ ಹೋಗುವ ಮೊತ್ತದಲ್ಲಿ ಒಂದು ಪೈಸೆಯೂ ಬದಲಾಗಬಾರದು.

1979ರಲ್ಲೇ ಟ್ರಿಗ್ವೆ ರೀನ್‌ಸ್ಕೌಗ್ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನಲ್ಲಿ (PARC) ಮಾಡೆಲ್-ವ್ಯೂ-ಕಂಟ್ರೋಲರ್ ರೂಪಿಸಿದ್ದರು; ಲೆಕ್ಕವನ್ನು ಪರದೆಯಿಂದ ಬೇರೆ ಇಡಬೇಕೆಂಬ ತತ್ವ ಹಳೆಯದೇ. ಆದರೆ ಯಾವ ಸಾಲು ಎತ್ತ ಹೋಗಬೇಕು? ಅದಕ್ಕೆ ಮಂಡಿಯ ಹಿರಿಯ ಗುಮಾಸ್ತರ ಪಕ್ಕ ಕುಳಿತೆ. "ಇದನ್ನ ಖಾತೆ ಪುಸ್ತಕದಲ್ಲಿ ಬರೀವಾಗಲೂ ಮಾಡ್ತಿದ್ರಾ?" ಎಂದು ಒಂದೊಂದಕ್ಕೂ ಕೇಳಿದೆ. "ಹೌದು ಮಾರಾಯ, ಅದಿಲ್ದೆ ಪಟ್ಟಿ ಆಗೋದು ಹ್ಯಾಂಗೆ?" ಎಂದದ್ದೆಲ್ಲ 'ಮಾರಾಟಪಟ್ಟಿ' ಎಂಬ ಕ್ಲಾಸಿಗೆ, ಅಂದರೆ ಪರದೆಯ ಹಂಗಿಲ್ಲದ ಲೆಕ್ಕದ ಕೋಡಿಗೆ ಹೋಯಿತು. ಪೈಸೆಯನ್ನು ಎಲ್ಲಿ ರೌಂಡ್ ಮಾಡಬೇಕೆಂಬುದು ಅವರ ನಿಯಮ, ಹಾಗಾಗಿ ಕ್ಲಾಸಿನೊಳಗೆ. 1,25,000 ಎಂದು ಅಲ್ಪವಿರಾಮ ಹಾಕುವುದು, '೧೨' ಎಂದು ಟೈಪ್ ಮಾಡಿದರೆ ಸಂಖ್ಯೆಯಾಗಿ ಓದುವುದು ಪರದೆಯ ಕೆಲಸ.

ಅತ್ಯಂತ ಸಿಕ್ಕಾಗಿದ್ದದ್ದು ಬಾಕಿ. ಮುಂಗಡವು ಮಾರಾಟದ ಮೊತ್ತ ಮೀರಿದರೆ ಹಳೆಯ ಕೋಡ್ ಲೇಬಲ್ಲನ್ನು ಕೆಂಪಾಗಿಸುತ್ತಿತ್ತು. ಮುಂದೆ ಖಾತೆಗೆ ಬರೆಯುವಾಗ ಲೇಬಲ್ ಕೆಂಪಗಿದೆಯೇ ಎಂದು ನೋಡಿ ಬಾಕಿ ಎಂದು ನಿರ್ಧರಿಸುತ್ತಿತ್ತು! ಯಾರೋ ಅಂದಕ್ಕೆಂದು ಬಣ್ಣ ಬದಲಿಸಿದ್ದರೆ ಒಬ್ಬ ರೈತರ ಸಾಲದ ಲೆಕ್ಕವೇ ತಪ್ಪುತ್ತಿತ್ತು. ಈಗ ಕ್ಲಾಸು 'ಬಾಕಿ ಇದೆ' ಎಂದಷ್ಟೇ ಹೇಳುತ್ತದೆ. ಕೆಂಪು ಬೇಕೋ, ದಪ್ಪಕ್ಷರ ಬೇಕೋ, ಪರದೆ ನೋಡಿಕೊಳ್ಳುತ್ತದೆ. ತಪ್ಪು ತೂಕ ಬಂದರೂ ಹಾಗೆಯೇ: ಕ್ಲಾಸು ಎಕ್ಸೆಪ್ಶನ್ (ತಪ್ಪಾಗಿದೆ ಎಂಬ ಸೂಚನೆ) ಎಸೆಯುತ್ತದೆ, ಅದನ್ನು ಕನ್ನಡದಲ್ಲಿ ತಿಳಿಸುವುದು ಪರದೆ.

ಎಲ್ಲವನ್ನೂ ಬೇರೆ ಮಾಡಬೇಕೆಂಬ ಹಟ ನನಗಿಲ್ಲ. ಖಾಲಿ ಬಾಕ್ಸು ಇದೆಯೇ ಎಂಬ ಪರೀಕ್ಷೆಯನ್ನು ಫಾರ್ಮಿನಲ್ಲೇ ಬಿಟ್ಟಿದ್ದೇನೆ.

ತೀರ್ಥಹಳ್ಳಿ ಕಡೆ ತೋಟಗಳಲ್ಲಿ ತೂಕ ಬರೆದುಕೊಳ್ಳುವವರ ಫೋನಿಗೆ ಹೊಸ ಪರದೆ ಮಾಡಿದಾಗ 'ಮಾರಾಟಪಟ್ಟಿ'ಯನ್ನು ಮುಟ್ಟಲೇ ಇಲ್ಲ. ಫೋನಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಅದೇ ಕ್ಲಾಸು ಅಲ್ಲೇ ಲೆಕ್ಕ ಹಾಕುತ್ತದೆ. ಈಗ ಪ್ರಿಂಟರಿನ ಕೋಡನ್ನೂ ಇನ್ನೊಂದು ಪರದೆ ಎಂದೇ ಎಣಿಸಿ ಹೊರಗೆಳೆಯುತ್ತಿದ್ದೇನೆ.