ನೀರುನಾಯಿಯನ್ನು ಓಡಿಸದೆ ಕೆರೆ ಮೀನು ಉಳಿಸಿಕೊಂಡ ನನ್ನ ಅನುಭವ

ಈ ಸಲ ಮೇ ತಿಂಗಳಲ್ಲಿ ಕೆರೆಗೆ ಬಲೆ ಎಳೆದಾಗ ಹತ್ತಿರ ಹತ್ತಿರ ನಾಲ್ಕು ಕ್ವಿಂಟಲ್ ಮೀನು ಸಿಕ್ಕಿತು. ಹಿಂದೆಲ್ಲ ಒಂದು ಕ್ವಿಂಟಲ್ ದಾಟಿದ್ದೇ ಇಲ್ಲ. ಕೊಡಗಿನ ನೆಲ್ಯಹುದಿಕೇರಿ ಕಡೆ ಕಾವೇರಿ ಪಕ್ಕ ತೋಟ ಇರುವವರಿಗೆ ಕಾರಣ ಹೇಳಬೇಕಾಗಿಲ್ಲ. ನೀರುನಾಯಿ! "ಮನೆಯಲ್ಲಿ ಕೋವಿ ಇಟ್ಟುಕೊಂಡು ಬೇಲಿ ಕಟ್ತೀರಲ್ಲ" ಎಂದು ನಕ್ಕವರೇ ಈಗ ಬಂದು ಬೇಲಿ ಅಳೆದುಕೊಂಡು ಹೋಗುತ್ತಿದ್ದಾರೆ.

ಕೋವಿ ಮಾತು ಬಿಡಿ. ತಿಮಿಂಗಿಲ, ಡಾಲ್ಫಿನ್‌ಗಳನ್ನು ಕಾಯುವ 1972ರ ವನ್ಯಜೀವಿ ಕಾಯ್ದೆಯೇ ನೀರುನಾಯಿಯನ್ನೂ ಕಾಯುತ್ತದೆ. ನಮ್ಮ ರಾಜ್ಯದಲ್ಲೇ ತುಂಗಭದ್ರೆಯಲ್ಲಿ 2015ರಲ್ಲಿ ಅದಕ್ಕೆಂದೇ ಮೀಸಲು ಪ್ರದೇಶ ಮಾಡಿದ್ದಾರೆ.

ಮೊದಲು ಕೆರೆ ಸುತ್ತ ಹಳೇ ಮೀನುಬಲೆ ಕಟ್ಟಿಸಿದ್ದೆ. ಏಳೆಂಟು ಸಾವಿರ ಹೋಯಿತು. ಒಂದೇ ವಾರದಲ್ಲಿ ಕಡಿದು ಒಳಗೆ ಬಂದವು. ಬಲೆಯನ್ನು ನೀರೊಳಗೆ ಇಳಿಬಿಡಿ ಎಂದರು ಕೆಲವರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಸಮುದ್ರದಲ್ಲಿ ಡಾಲ್ಫಿನ್ ಹೆಚ್ಚಾಗಿ ಸಾಯುವುದೇ ಹಾಗೆ. ಬಲೆಗೆ ಸಿಕ್ಕಿ, ಉಸಿರಿಗೆ ಮೇಲೆ ಬರಲಾಗದೆ. ನೀರುನಾಯಿಗೂ ಅದೇ ಗತಿ. ಆಮೇಲೆ ರಾತ್ರಿಯಿಡೀ ಫ್ಲಡ್ ಲೈಟ್ ಹಾಕಿದೆ. ಕರೆಂಟ್ ಬಿಲ್ ಬಂತು, ಮೀನು ಬರಲಿಲ್ಲ. ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ನಾಯಿಗಳನ್ನು ಬಿಟ್ಟರೆ ಒಂದು ಮೂತಿ ಹರಿಸಿಕೊಂಡು ಬಂತು. ಡಾಕ್ಟರ್ ಖರ್ಚು ಬೇರೆ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಡಾಲ್ಫಿನ್ ದೂರ ಇರಲಿ ಅಂತ ಹೊರದೇಶಗಳಲ್ಲಿ ಬಲೆಗೆ ಪಿಂಗರ್ ಕಟ್ಟುತ್ತಾರೆ, ಸುಮಾರು 10 ಕಿಲೋಹರ್ಟ್ಸ್ ಸದ್ದು ಬಿಟ್ಟುಬಿಟ್ಟು ಬರುತ್ತದೆ ಎಂದು ಮಲ್ಪೆಯ ಗೆಳೆಯರೊಬ್ಬರು ಹೇಳಿದ್ದರು. ನಾನೂ ಹಳೇ ಸ್ಪೀಕರನ್ನು ಪ್ಲಾಸ್ಟಿಕ್ಕಲ್ಲಿ ಸುತ್ತಿ ಮುಳುಗಿಸಿದೆ. ನಾಲ್ಕು ದಿನ ಸುಮ್ಮನಿದ್ದವು. ಆಮೇಲೆ ಊಟಕ್ಕೆ ಬೆಲ್ ಹೊಡೆದ ಹಾಗೆ ಸದ್ದಿದ್ದ ಕಡೆಯಿಂದಲೇ ಇಳಿಯತೊಡಗಿದವು. ಕಡಲಲ್ಲಿ ಸೀಲ್‌ಗಳೂ ಹೀಗೇ ಮಾಡುತ್ತವಂತೆ!

ದಾರಿ ಸಿಕ್ಕಿದ್ದು ಹಿಕ್ಕೆಯಲ್ಲಿ. ತೋಡಿನ ಬಂಡೆ ಮೇಲೆ ಬಿದ್ದದ್ದನ್ನು ಕಡ್ಡಿಯಲ್ಲಿ ಕೆದಕಿದರೆ ಮಳೆಗಾಲದಲ್ಲಿ ಪೂರ್ತಿ ಏಡಿ ಚಿಪ್ಪು, ಕೆಂಪು ಕೆಂಪು ಚೂರು. ಫೆಬ್ರವರಿ ಕೊನೆಗೆ ನೋಡಿದರೆ ಬರೀ ಮೀನಿನ ಪೊರೆ, ಮುಳ್ಳು. ಅಂದರೆ ಕಾಟ ಇರುವುದು ವರ್ಷವಿಡೀ ಅಲ್ಲ. ನಾವು ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಕೆರೆ ಖಾಲಿ ಮಾಡುತ್ತೇವಲ್ಲ, ಮೀನು ಮೂಲೆಗೆ ಬಂದು ಗುಂಪಾಗುವುದು ಆಗಲೇ.

ಹಾಗಾಗಿ ಬೇಲಿಗೆ ಕರೆಂಟ್ ಜನವರಿಯಿಂದ ಮೇವರೆಗೆ ಮಾತ್ರ. ಎರಡೂವರೆ ಅಡಿ ಮೆಶ್, ಬುಡದ ಒಂದಡಿ ಹೊರಕ್ಕೆ ಮಡಿಸಿ ಮೇಲೆ ಕಲ್ಲು. ಮೆಶ್‌ನ ಹೊರಗೆ ಸೋಲಾರ್ ಬೇಲಿಯ ತಂತಿ, ನೆಲದಿಂದ ನಾಲ್ಕಿಂಚಿಗೆ ಒಂದು, ಒಂಬತ್ತಿಂಚಿಗೆ ಇನ್ನೊಂದು. ಆನೆ ಬೇಲಿಯ ಎತ್ತರ ಇಲ್ಲಿ ದಂಡ. ಎನರ್ಜೈಸರ್ (ಕರೆಂಟನ್ನು ಬಿಟ್ಟುಬಿಟ್ಟು ಚಿಕ್ಕ ಹೊಡೆತವಾಗಿ ಕೊಡುವ ಪೆಟ್ಟಿಗೆ) ಇಲ್ಲದೆ ನೇರ ಲೈನ್ ಕೊಟ್ಟರೆ ಕೊಲೆ, ಅದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಮಳೆಗಾಲದಲ್ಲಿ ಆಫ್ ಮಾಡುವುದರಿಂದ ಕಪ್ಪೆ ಸಾಯುವುದಿಲ್ಲ, ಹುಲ್ಲು ತಾಗಿ ಕರೆಂಟ್ ಇಳಿಯುವ ತಲೆನೋವೂ ಇಲ್ಲ. ಆದರೆ ಚಿಪ್ಪುಹಂದಿ ಓಡಾಡುವ ಜಾಗವಾದರೆ ಇಷ್ಟು ತಗ್ಗಿನ ತಂತಿ ಬೇಡ, ಅದು ಸುತ್ತಿಕೊಂಡು ಬಿಡುತ್ತದೆ. ಮೊದಲ ರಾತ್ರಿಯೇ ನೀರುನಾಯಿಯ ಮೂಗು ತಂತಿಗೆ ತಾಗುವ ಹಾಗೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಬರೆಯುವುದಿಲ್ಲ. ತೋಟಕ್ಕೆ ಬಂದರೆ ತೋರಿಸುತ್ತೇನೆ.

ಪಂಪಿನ ಫುಟ್‌ವಾಲ್ವನ್ನೂ (ನೀರು ಎಳೆಯುವ ಪೈಪಿನ ತುದಿ) ಮೇಲಕ್ಕೆ ಎತ್ತಿದೆ. ಎಷ್ಟು ಎಳೆದರೂ ಐದಡಿ ನೀರು ಉಳಿಯುತ್ತದೆ. ಅಲ್ಲಿ ಕಪಾತಿನಲ್ಲಿ ಸವರಿದ ಸಿಲ್ವರ್ ಓಕ್ ಕೊಂಬೆ ಮುಳುಗಿಸಿದ್ದೇನೆ, ಮೀನಿಗೆ ಅಡಗಲು. ತೋಟದ ಲೆಕ್ಕ ನೋಡುವ ರೈಟರ್‌ಗೆ ಇದು ಇಷ್ಟವಿರಲಿಲ್ಲ, ಬಲೆ ಸಿಕ್ಕಿಕೊಳ್ಳುತ್ತದೆ ಎಂದು ಗೊಣಗಿದರು. ಸಿಕ್ಕಿಕೊಂಡಿದ್ದೂ ನಿಜ.

ಅರ್ಧ ಎಕರೆ ಕೆರೆಗೆ ಒಟ್ಟು ಇಪ್ಪತ್ತೇಳು, ಇಪ್ಪತ್ತೆಂಟು ಸಾವಿರ ಆಗಿರಬೇಕು. ಎನರ್ಜೈಸರೇ ಹತ್ತು ತಿಂದಿತು. ಏರಿ ಮೇಲೆಯೇ ಕಿಲೋಗೆ ನೂರ ಅರವತ್ತರಂತೆ ಮಾರಿ ಅರವತ್ತು ಸಾವಿರದಷ್ಟು ಬಂತು. ತೋಡಿನ ಬದಿ ಪೂರ್ತಿ ಬಿಟ್ಟಿದ್ದೇನೆ, ಅಲ್ಲಿ ಔಷಧಿ ಹೊಡೆಯುವುದಿಲ್ಲ. ಏಡಿ ಜಾಸ್ತಿಯಾಗಿದೆ. ನೀರುನಾಯಿ ಈಗಲೂ ಬರುತ್ತವೆ, ಮರಿಗಳ ಸಮೇತ. ಜುಲೈಯಲ್ಲಿ ಹಾರಂಗಿಯಿಂದ ಮೀನುಮರಿ ತರುವಾಗ ಹುಲ್ಲುಗೆಂಡೆ ಕಡಿಮೆ ಮಾಡಿ ಕಾಟ್ಲಾ ಹೆಚ್ಚು ಹಾಕುತ್ತೇನೆ. ಹುಲ್ಲುಗೆಂಡೆಗೆ ಈ ಸಲ ಗಿರಾಕಿಯೇ ಇರಲಿಲ್ಲ.