ಬಿಟ್ಟುಹೋದ ಕೂಸು ಎಲ್ಲಿ ಬಿಟ್ಟುಹೋಯಿತು? ಉಪಕೇಂದ್ರದ ಸಿಸ್ಟರ್‌ಗಳಿಗೆ, ಆಶಾಗಳಿಗೆ, ವೈದ್ಯರಿಗೆ

ಉಪಕೇಂದ್ರಕ್ಕೆ ಹೊಸದಾಗಿ ಬಂದ ಸಿಸ್ಟರ್‌ಗಳು ನನ್ನನ್ನು ಮೊದಲು ಕೇಳುವುದು, ‘ಲಸಿಕೆ ಬ್ಯಾಡ ಅನ್ನೋರನ್ನ ಹೆಂಗ ಒಪ್ಪಸೋದು ಅಕ್ಕಾ?’ ಅಂತ. ಅವರ ಮನೆಗೆ ಆಮೇಲೆ ಹೋಗೋಣ, ಮೊದಲು ಬೇಡ ಅನ್ನದೆಯೇ ಬಿಟ್ಟುಹೋದವರನ್ನು ಹುಡುಕೋಣ ಅನ್ನುತ್ತೇನೆ. ವಿಜಯಪುರ ಜಿಲ್ಲೆಯ ಹಳ್ಳಿ, ತಾಂಡಾಗಳಲ್ಲಿ ವರ್ಷಗಟ್ಟಲೆ ಚುಚ್ಚುಮದ್ದು ಹಾಕಿದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಹಟ ಹಿಡಿದು ಬೇಡ ಎನ್ನುವ ಮನೆಗಳು ಬೆರಳೆಣಿಕೆ. ಉಳಿದ ಕೂಸುಗಳೆಲ್ಲ ತವರುಮನೆಗೂ ಗಂಡನ ಮನೆಗೂ ನಡುವೆ ತಪ್ಪಿದವು, ದುಡಿಯಲು ಹೊರಟವರ ಬೆನ್ನಿಗೆ ಹೋದವು, ಮೊದಲ ಸಲದ ಜ್ವರಕ್ಕೆ ಅಂಜಿದ ಮನೆಯವು. ‘ಮುಂದಿನ ವಾರ ಬಾ’ ಅನ್ನಿಸಿಕೊಂಡು ನಮ್ಮದೇ ಬಾಗಿಲಿಂದ ವಾಪಸಾದವೂ ಇವೆ. ಈ ನಾಲ್ಕೂ ನಮ್ಮ ಕೈಯಲ್ಲೇ ಸರಿಯಾಗುವಂಥವು.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಆಗಿದ್ದವರು ಶೇ. 62.6. ಮುಂದಿನ ಸಮೀಕ್ಷೆಯಲ್ಲಿ, ಅಂದರೆ 2019-21ರದ್ದರಲ್ಲಿ, ಅದು ಶೇ. 84.1ಕ್ಕೆ ಏರಿತು. ಬಿಸಿಲು ಮಳೆ ಅನ್ನದೆ ಮನೆ ಮನೆ ತಿರುಗಿದವರ ದುಡಿಮೆ ಅದು. ಆದರೆ ದಡಾರದ ಮುಂದೆ ಅದೂ ಸಾಲದು. ಲಸಿಕೆ ಆಗದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹರಡುವ ರೋಗ ಅದು; 100ಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿದ್ದರೆ ಮಾತ್ರ ಊರೊಳಗೆ ಕಾಲಿಡಲು ಜಾಗ ಸಿಗುವುದಿಲ್ಲ.

ಮೊದಲು ಲೆಕ್ಕ ಹಾಕಿ. ಕಳೆದ ವರ್ಷದ ರಿಜಿಸ್ಟರ್ ತೆಗೆದು ಪೆಂಟಾ-1 ಎಷ್ಟು, ಪೆಂಟಾ-3 ಎಷ್ಟು, ಎಂಆರ್-1 ಎಷ್ಟು ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಪೆಂಟಾ ಅಂದರೆ ಐದು ರೋಗಗಳಿಗೆ ಒಂದೇ ಲಸಿಕೆ, ಎಂಆರ್ ದಡಾರ-ರುಬೆಲ್ಲಾದ್ದು; ಪಕ್ಕದ ಅಂಕಿ ಎಷ್ಟನೇ ಡೋಸ್ ಎಂಬುದು. 80 ಕೂಸುಗಳಿಗೆ ಪೆಂಟಾ-1 ಆಗಿ 68ಕ್ಕೆ ಮಾತ್ರ ಪೆಂಟಾ-3 ಆಗಿದೆ ಅನ್ನಿ; 12 ನಡುವೆ ಬಿಟ್ಟಿವೆ, ಅಂದರೆ ಶೇ. 15. ಶೇ. 10 ದಾಟಿತು ಎಂದರೆ ಜನರನ್ನು ದೂರಬೇಡಿ. ಅವರು ನಮ್ಮನ್ನು ನಂಬಿ ಒಮ್ಮೆ ಬಂದಿದ್ದಾರೆ, ಮತ್ತೆ ಬರುವಂತೆ ನಾವು ನೋಡಿಕೊಂಡಿಲ್ಲ. ಪೆಂಟಾ-1 ಕಡಿಮೆ ಇದ್ದರೆ ಮಾತು ಬೇರೆ. ಆಗ ಹೆರಿಗೆ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಹೆಸರು ತಾಳೆ ನೋಡಬೇಕು; ಒಂದೂ ಪೆಂಟಾ ಕಾಣದ ಕೂಸಿನ ಮನೆಗೆ ಆಶಾ ಒಬ್ಬರನ್ನೇ ಕಳಿಸದೆ ನೀವೇ ಜೊತೆಗೆ ಹೋಗಬೇಕು.

ಇನ್ನು ಟಿಕ್ಲರ್ ಬ್ಯಾಗ್, ಅಂದರೆ ಯಾವ ಕೂಸಿಗೆ ಯಾವ ತಿಂಗಳು ಲಸಿಕೆ ಎಂದು ನೆನಪಿಸುವ ಜೇಬುಗಳ ಚೀಲ. ಎಷ್ಟೋ ಉಪಕೇಂದ್ರಗಳಲ್ಲಿ ಅದು ಗೋಡೆಯ ಮೊಳೆಗೆ ನೇತುಬಿದ್ದು ಧೂಳು ಹಿಡಿದಿರುತ್ತದೆ. ಮೊಬೈಲು, ಪೋರ್ಟಲ್ಲು, ಲಸಿಕೆ ದಾಖಲಿಸುವ ಯು-ವಿನ್ ಎಲ್ಲ ಬಂದಿವೆ, ಎಂಟ್ರಿ ಮಾಡಲೇಬೇಕು, ಆದರೂ ಬಟ್ಟೆಯ ಈ ಚೀಲದಷ್ಟು ಸಲೀಸಾಗಿ ಕಣ್ಣಿಗೆ ಹೊಡೆಯುವುದು ಬೇರೆ ಯಾವುದೂ ಇಲ್ಲ. ಹನ್ನೆರಡು ತಿಂಗಳಿಗೆ ಹನ್ನೆರಡು ಜೇಬು, ಪೂರ್ಣ ಲಸಿಕೆ ಆದವರದ್ದು ಒಂದು, ಊರು ಬಿಟ್ಟವರು, ತೀರಿಕೊಂಡವರದ್ದು ಒಂದು. ಜೂನ್‌ನಲ್ಲಿ ಪೆಂಟಾ-1 ಹಾಕಿದಿರಿ, ಮುಂದಿನದು ಜುಲೈಗೆ. ತಾಯಿ ಕಾರ್ಡಿನ ಕೌಂಟರ್‌ಫಾಯಿಲ್ (ನಮ್ಮಲ್ಲಿ ಉಳಿಯುವ ಚೀಟಿ) ಹರಿದು ಅಲ್ಲೇ, ತಾಯಿ ಎದುರಿಗೇ, ಜುಲೈ ಜೇಬಿಗೆ ಹಾಕಿ. ಜುಲೈ ಲಸಿಕೆ ದಿನ ಬಂದವರದ್ದನ್ನು ತೆಗೆದು ಆಗಸ್ಟ್ ಜೇಬಿಗೆ ಸರಿಸಿ. ತಿಂಗಳ ಕೊನೆಗೆ ಜುಲೈ ಜೇಬಿನಲ್ಲಿ ಉಳಿದವರೇ ಬಿಟ್ಟುಹೋದವರು. ಆ ಚೀಟಿಗಳನ್ನು ಕೈಯಲ್ಲಿ ಹಿಡಿದು ಆಶಾ ಜೊತೆ ಕೂತು ಒಂದೊಂದು ಹೆಸರಿಗೂ ಕಾರಣ ಕೇಳಿ ಬರೆದುಕೊಳ್ಳಿ. ‘ಮನೆಯಲ್ಲಿ ಇರಲಿಲ್ಲ’ ಅನ್ನುವುದು ಕಾರಣವಲ್ಲ. ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ, ಅಲ್ಲಿ ಯಾರ ಹತ್ತಿರ ಹಾಕಿಸಬಹುದು, ಈ ಮೂರಕ್ಕೂ ಉತ್ತರ ಬರುವವರೆಗೆ ಚೀಟಿ ಕೆಳಗಿಡಬೇಡಿ.

ತವರುಮನೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಕಡೆ ಅತಿ ಹೆಚ್ಚು ಕೂಸುಗಳು ಜಾರುವುದು ಅಲ್ಲೇ. ಚೊಚ್ಚಲ ಹೆರಿಗೆ ತವರಲ್ಲಿ. ಮೂರು ಇಲ್ಲವೇ ಐದು ತಿಂಗಳಿಗೆ ಬಾಣಂತಿಯನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುತ್ತಾರೆ. ಲಸಿಕೆಯ ಲೆಕ್ಕ ನೋಡಿ: ಆರು ವಾರ, ಹತ್ತು ವಾರ, ಹದಿನಾಲ್ಕು ವಾರ. ಹದಿನಾಲ್ಕು ವಾರವೆಂದರೆ ಮೂರು ತಿಂಗಳು ದಾಟಿದ ಹೊತ್ತು, ಸರಿಯಾಗಿ ಗಂಟುಮೂಟೆ ಕಟ್ಟುವ ಕಾಲ. ತವರಿನ ಆಶಾ ‘ಹೋದ್ರು’ ಎಂದು ಹೆಸರು ಹೊಡೆಯುತ್ತಾರೆ, ಗಂಡನೂರಿನ ಆಶಾಗೆ ಕೂಸು ಬಂದದ್ದೇ ಗೊತ್ತಿರುವುದಿಲ್ಲ. ಎರಡು ರಿಜಿಸ್ಟರ್‌ಗಳ ನಡುವಿನ ಸಂದಿಯಲ್ಲಿ ಪೆಂಟಾ-3 ಬಿದ್ದುಹೋಗುತ್ತದೆ.

ಅದಕ್ಕೇ ಆರನೇ ವಾರದ ದಿನವೇ ಕೇಳಿ: ‘ಯಾವಾಗ ಕಳಸ್ತೀರಿ? ಯಾವ ಊರು?’ ತಾಯಿ ಕಾರ್ಡಿನ ಮೇಲೆ ಎರಡು ಫೋನ್ ನಂಬರ್ ಬರೆಯಿರಿ, ತವರಿನದ್ದೊಂದು, ಅತ್ತೆಮನೆಯದ್ದೊಂದು. ಗಂಡನ ನಂಬರ್ ಒಂದನ್ನೇ ನೆಚ್ಚಿಕೊಂಡರೆ ಆ ಫೋನು ಅವನ ಜೇಬಿನಲ್ಲಿ ಗೋವಾಕ್ಕೆ ದುಡಿಯಲು ಹೋಗಿರುತ್ತದೆ. ಹೊರಡುವ ವಾರ ಆ ಊರಿನ ಆಶಾಗೆ ಒಂದು ಫೋನ್ ಮಾಡಿ, ಕಾರ್ಡಿನ ಲಸಿಕೆ ಪುಟದ ಫೋಟೊ ಕಳಿಸಿ. ಅತ್ತ ಕಡೆಯಿಂದ ‘ಕೂಸು ಬಂತು, ಹಾಕಿಸಿದ್ವಿ’ ಎಂಬ ಉತ್ತರ ಬಂದ ಮೇಲೆ ಮಾತ್ರ ನಿಮ್ಮ ಪಟ್ಟಿಯಿಂದ ಹೆಸರು ತೆಗೆಯಿರಿ. ಬೇರೆ ತಾಲೂಕಿನ ಆಶಾ ನಂಬರ್ ಸಿಗದಿದ್ದರೆ ಅಲ್ಲಿನ ಪಿಎಚ್‌ಸಿಗೆ ಕೇಳಿದರೆ ಕೊಡುತ್ತಾರೆ.

ದುಡಿಯಲು ಹೋಗುವವರದ್ದೂ ಹೀಗೆಯೇ, ಆದರೆ ಅಲ್ಲಿ ಹಂಗಾಮು ನೋಡಬೇಕು. ತಾಂಡಾದವರು ಗೋವಾ, ಮಂಗಳೂರು, ಪುಣೆ ಎಲ್ಲಿದ್ದರೂ ದೀಪಾವಳಿಗೆ ಊರಿಗೆ ಬರಲು ನೋಡುತ್ತಾರೆ. ಆ ವಾರ ತಾಂಡಾದಲ್ಲೇ ಒಂದು ಹೆಚ್ಚುವರಿ ಸೆಷನ್ ಇಡಲು ಲಸಿಕೆ ದಿನಗಳ ಯೋಜನೆಯಾದ ಮೈಕ್ರೋಪ್ಲ್ಯಾನ್‌ನಲ್ಲಿ ಮೊದಲೇ ಬರೆಸಿ. ಅದೇ ಹೊತ್ತಿಗೆ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಕಡೆಯಿಂದ ಗ್ಯಾಂಗುಗಳು ನಮ್ಮಲ್ಲಿಗೆ ಬರುತ್ತವೆ. ‘ನಮ್ಮ ಜಿಲ್ಲೆಯವರಲ್ಲ’ ಎನ್ನುವ ಮಾತು ಬೇಡ. ಕೂಸು ಎಲ್ಲಿದೆಯೋ ಅಲ್ಲಿ ಲಸಿಕೆ. ಗುಡಿಸಲು ಗುಡಿಸಲು ಸುತ್ತುವ ಮೊದಲು ಗ್ಯಾಂಗಿನ ಮುಕಾದಮನನ್ನು, ಅಂದರೆ ಮುಖಂಡನನ್ನು, ಹಿಡಿಯಿರಿ. ಯಾವ ಗುಡಿಸಲಿನಲ್ಲಿ ಎಷ್ಟು ಕೂಸುಗಳಿವೆ, ಯಾವ ಹೊಲದಲ್ಲಿ ಎಷ್ಟು ದಿನ ಕಡಿತ, ಎಲ್ಲ ಅವನಿಗೆ ಗೊತ್ತಿರುತ್ತದೆ. ಹೆಣ್ಣುಮಕ್ಕಳು ನಸುಕಿಗೇ ಹೊಲಕ್ಕೆ ಹೋಗುತ್ತಾರೆ. ಹನ್ನೊಂದಕ್ಕೆ ಬ್ಯಾಗು ಹಿಡಿದು ಹೋದರೆ ಮುದುಕಿ ಮತ್ತು ನಾಯಿ ಬಿಟ್ಟು ಯಾರೂ ಸಿಗುವುದಿಲ್ಲ. ಹಿಂದಿನ ಸಂಜೆ ಮುಕಾದಮನ ಜೊತೆ ಮಾತಾಡಿ ಹೊತ್ತು ಗೊತ್ತುಮಾಡಿಕೊಳ್ಳಿ.

ಇನ್ನು ಜ್ವರದ ವಿಷಯ. ಆರನೇ ವಾರಕ್ಕೆ ಕೂಸಿಗೆ ಮೂರು ಸೂಜಿ: ಎಡ ತೊಡೆಗೆ ಪೆಂಟಾ, ಬಲ ತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ಬಲ ತೋಳಿಗೆ ಪೋಲಿಯೊದ ಐಪಿವಿ. ಜೊತೆಗೆ ಪೋಲಿಯೊ ಹನಿ, ಭೇದಿ ತಡೆಯುವ ರೋಟಾ ಹನಿ. ರಾತ್ರಿ ಜ್ವರ ಬರುತ್ತದೆ, ತೊಡೆ ಬಾಯುತ್ತದೆ, ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಹತ್ತನೇ ವಾರಕ್ಕೆ ಆ ತಾಯಿ ಬರಲಿಲ್ಲವೆಂದರೆ ಆಶ್ಚರ್ಯವೇನಿಲ್ಲ. ಹತ್ತನೇ ವಾರ ಇರುವುದು ಒಂದೇ ಸೂಜಿ ಎಂಬುದು ಅವಳಿಗೆ ಯಾರೂ ಹೇಳಿರುವುದಿಲ್ಲ! ಆರನೇ ವಾರ ಕಳಿಸುವ ಮುಂಚೆ ನಾನು ಹೇಳುವುದು ಹೀಗೆ: ‘ಯವ್ವಾ, ಇವತ್ತ ರಾತ್ರಿ ಜ್ವರ ಬರಬಹುದು, ಒಂದೆರಡು ದಿನ ಇರ್ತೈತಿ. ಮೈಯೊಳಗ ಮದ್ದು ಕೆಲಸ ಮಾಡಾಕತ್ತೈತಿ ಅಂತ ತಿಳಕೋ. ಈ ಔಷಧ ಇಷ್ಟ ಹನಿ ಹಾಕು. ಬಾತದ್ದಕ್ಕ ತಣ್ಣೀರ ಬಟ್ಟಿ ಇಡು, ತಿಕ್ಕಬ್ಯಾಡ, ಅರಿಶಿಣ ಹಚ್ಚಬ್ಯಾಡ. ಎದಿಹಾಲ ಬಿಡಿಸಬ್ಯಾಡ. ಮುಂದಿನ ತಿಂಗಳ ಒಂದ ಸೂಜಿ, ಅಷ್ಟ.’ ಪ್ಯಾರಸಿಟಮಾಲ್ ಅನ್ನು ಕೂಸಿನ ತೂಕ ನೋಡಿ ವೈದ್ಯಾಧಿಕಾರಿ ಹೇಳಿದ ಪ್ರಮಾಣದಲ್ಲೇ ಕೊಡಿ, ಡ್ರಾಪರ್‌ನಲ್ಲಿ ಎಲ್ಲಿಯವರೆಗೆ ತುಂಬಬೇಕೆಂದು ಬೆರಳಿಟ್ಟು ತೋರಿಸಿ. ಎರಡು ದಿನ ದಾಟಿದರೂ ಇಳಿಯದ ಜ್ವರ, ಮೂರು ತಾಸು ಬಿಡದೆ ಅಳು, ಫಿಟ್ಸ್, ಕೂಸು ಸೋತು ಜೋತುಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಕರೆತರಲು ಹೇಳಿ. ಹಾಕಿದ ಮೇಲೆ ಅರ್ಧ ತಾಸು ಕೂರಿಸಿಕೊಳ್ಳುವುದು ಬಿಡಬೇಡಿ. ಈ ಮಾತುಗಳಿಗೆ ಅದೇ ಸಮಯ.

ಇದೆಲ್ಲ ಹೇಳುವಾಗ ಅತ್ತೆಯನ್ನು, ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿ. ರಾತ್ರಿ ಎರಡಕ್ಕೆ ಕೂಸು ಅಳುವಾಗ ತೀರ್ಮಾನ ಮಾಡುವವರು ಅವರು. ಮರುದಿನ ಬೆಳಿಗ್ಗೆ ಆಶಾ ಒಂದು ಫೋನ್ ಮಾಡಿ ‘ಆಯಿ, ಕೂಸು ಹೆಂಗೈತ್ರಿ?’ ಎಂದು ಕೇಳಲಿ. ಯಾವ ಪೋಸ್ಟರೂ ಕೊಡದ ಭರವಸೆ ಆ ಒಂದು ಫೋನಿನಿಂದ ಬರುವುದನ್ನು ನಾನು ಕಂಡಿದ್ದೇನೆ.

ಕೇಳುವ ರೀತಿಯೂ ಮುಖ್ಯ. ‘ಹಾಕಸ್ತೀರೇನು?’ ಅಂದರೆ ‘ನೋಡೂಣ ತಡೀರಿ’ ಎಂಬ ಉತ್ತರವನ್ನು ನಾವೇ ಬಾಯಿಗೆ ಇಟ್ಟಂತೆ. ‘ಇವತ್ತ ಕೂಸಿಗೆ ಒಂಬತ್ತ ತಿಂಗಳದ ಲಸಿಕಿ ಐತ್ರಿ, ಬರ್ರಿ’ ಎಂದು ಆಗಲೇಬೇಕಾದ ಕೆಲಸದಂತೆ ಹೇಳಿ. ಅನುಮಾನ ಇದ್ದವರು ಆಗಲೂ ಕೇಳುತ್ತಾರೆ. ಕೇಳಿದರೆ ಸೂಜಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಳ್ಳಿ. ‘ಖಾಸಗಿ ದವಾಖಾನೆಯಲ್ಲಿ ಜ್ವರ ಬರಲ್ಲಂತ’ ಎಂದರೆ ಸುಳ್ಳು ಎನ್ನಬೇಡಿ. ಅಲ್ಲಿ ನಾಯಿಕೆಮ್ಮಿಗೆ ಬೇರೆ ಬಗೆಯ ಲಸಿಕೆಯೂ ಸಿಗುತ್ತದೆ, ಅದಕ್ಕೆ ಜ್ವರ ಕಡಿಮೆ, ದುಡ್ಡು ಜಾಸ್ತಿ. ನಮ್ಮದು ಪುಕ್ಕಟೆ, ರಕ್ಷಣೆಯಲ್ಲಿ ಕಡಿಮೆಯದ್ದಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹಟ ಹಿಡಿದ ಮನೆಗೆ ದಂಡು ಕಟ್ಟಿಕೊಂಡು ಹೋಗಬೇಡಿ. ರೇಷನ್ ನಿಲ್ಲುತ್ತದೆ ಎಂದು ಹೆದರಿಸುವುದಂತೂ ಬೇಡವೇ ಬೇಡ. ಈ ಸಲ ಹೆದರಿ ಹಾಕಿಸಿದವರು ಮುಂದಿನ ಸಲ ನಿಮ್ಮನ್ನು ಕಂಡು ಬಾಗಿಲು ಹಾಕುತ್ತಾರೆ. ಅವರ ಓಣಿಯಲ್ಲೇ ಲಸಿಕೆ ಪೂರ್ತಿ ಹಾಕಿಸಿದ ತಾಯಿ ಒಬ್ಬಳನ್ನು ಜೊತೆಗೆ ಕರೆದೊಯ್ಯಿರಿ.

ವೈದ್ಯರಿಗೂ ಒಂದು ಕೋರಿಕೆ ಇದೆ. ಕೆಮ್ಮು, ಭೇದಿ ಎಂದು ಓಪಿಡಿಗೆ ಬಂದ ಪ್ರತಿ ಕೂಸಿನ ತಾಯಿ ಕಾರ್ಡು ಕೇಳಿ. ಹಳ್ಳಿಯಲ್ಲಿ ಡಾಕ್ಟರ ಒಂದು ಮಾತಿಗೆ ಇರುವ ತೂಕ ನಮ್ಮ ಹತ್ತು ಭೇಟಿಗಿಲ್ಲ. ಸಣ್ಣ ನೆಗಡಿ, ಕೆಮ್ಮು, ಸ್ವಲ್ಪ ಮೈಬಿಸಿ, ಸಾದಾ ಭೇದಿ, ಕೂಸು ಸಣಕಲು ಇರುವುದು, ಇವು ಯಾವುವೂ ಲಸಿಕೆ ಮುಂದೂಡಲು ಕಾರಣಗಳಲ್ಲ. ಸಣಕಲು ಕೂಸಿಗೆ ದಡಾರ ಬಂದರೆ ಜೀವಕ್ಕೇ ಕುತ್ತು, ಅದಕ್ಕೆ ಮೊದಲು ಹಾಕಬೇಕು. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಅಥವಾ ಕೂಸು ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆ ಬಿದ್ದಿದ್ದರೆ ಮಾತ್ರ ತಡೆಯುವ ಮಾತು.

ಒಂದೇ ಕೂಸಿಗೆ ಎಂಆರ್ ಬಾಟಲಿ ಒಡೆಯಲು ಹಿಂಜರಿಯುವುದು ಇನ್ನೊಂದು ರೋಗ. ಕ್ಷಯದ ಬಿಸಿಜಿ, ಎಂಆರ್ ಕಲಸಿದ ಮೇಲೆ ನಾಲ್ಕು ತಾಸಿನಲ್ಲಿ ಚೆಲ್ಲಬೇಕು ನಿಜ. ಆದರೆ ‘ಇನ್ನೂ ನಾಲ್ಕು ಕೂಸು ಬರಲಿ’ ಎಂದು ವಾಪಸು ಕಳಿಸಿದ ಒಂಬತ್ತು ತಿಂಗಳ ಕೂಸು ಮತ್ತೆ ಬರುತ್ತದೆಂಬ ಖಾತ್ರಿ ಯಾರಿಗಿದೆ? ಒಡೆಯಿರಿ, ಬಾಟಲಿ ಮೇಲೆ ಸಮಯ ಬರೆಯಿರಿ, ಪೋಲಾದದ್ದನ್ನು ರಿಪೋರ್ಟಿನಲ್ಲಿ ತೋರಿಸಿ. ಪೆಂಟಾ, ಪೋಲಿಯೊ ಹನಿ, ಪಿಸಿವಿ, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನದ್ದು), ಟಿಡಿ (ಧನುರ್ವಾಯು, ಗಂಟಲಮಾರಿಯದ್ದು) ಇವಕ್ಕೆ ಆ ಚಿಂತೆಯೇ ಇಲ್ಲ. ಬಾಟಲಿಗೆ ಬಿಸಿ ತಗುಲಿದೆಯೇ ಎಂದು ತೋರಿಸುವ ಗುರುತು, ವಿವಿಎಂ, ಸರಿ ಇದ್ದು 2ರಿಂದ 8 ಡಿಗ್ರಿಯಲ್ಲಿ ಕಾಪಾಡಿದರೆ ಒಡೆದ ಬಾಟಲಿ 28 ದಿನ ಬಳಸಬಹುದು. ಪೆಂಟಾ ಹೆಪ್ಪುಗಟ್ಟಿದರೆ ಕೆಟ್ಟಂತೆ, ಐಸ್‌ಪ್ಯಾಕ್ ಬೆವರುವವರೆಗೆ ಹೊರಗಿಟ್ಟು ಆಮೇಲೆ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಹಾಕಿ.

ನಮ್ಮ ಲಸಿಕೆ ದಿನವಾದ ಗುರುವಾರ ಅಮಾವಾಸ್ಯೆ ಬಂದರೆ, ಊರ ಜಾತ್ರೆ ಬಂದರೆ ಜನ ಬರುವುದಿಲ್ಲ. ಖಾಲಿ ಕೂತು ‘ಯಾರೂ ಬರಲಿಲ್ಲ’ ಎಂದು ಬರೆಯುವುದಕ್ಕಿಂತ ವರ್ಷದ ಮೊದಲೇ ಪಂಚಾಂಗ ಮುಂದಿಟ್ಟುಕೊಂಡು, ಪಿಎಚ್‌ಸಿಯಲ್ಲಿ ಮಾತಾಡಿ, ಆ ವಾರಗಳಿಗೆ ಬೇರೆ ದಿನ ಹಾಕಿಸಿಕೊಳ್ಳಿ.

ತಡವಾಗಿ ಬಂದವರನ್ನು ಬೈಯಬೇಡಿ, ಬೈಸಿಕೊಂಡ ತಾಯಿ ಮುಂದಿನ ಸಲ ಬರುವುದಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿ, ಮೊದಲಿನಿಂದ ಶುರು ಮಾಡಬೇಕಿಲ್ಲ. ಡೋಸ್‌ಗಳ ನಡುವೆ ನಾಲ್ಕು ವಾರ ಇರಲಿ. ಬಿಸಿಜಿ ಒಂದು ವರ್ಷದವರೆಗೆ, ಎಂಆರ್ ಐದು ವರ್ಷದವರೆಗೆ ಹಾಕಬಹುದು. ಒಂದೂ ಪೆಂಟಾ ಆಗದೆ ವರ್ಷ ದಾಟಿದ ಮಗುವಿಗೆ ಡಿಪಿಟಿ ಇದೆ, ಏಳು ವರ್ಷದವರೆಗೆ. ಅಂದು ಹಾಕಬಹುದಾದದ್ದನ್ನೆಲ್ಲ ಅಂದೇ ಹಾಕಿ.

16ರಿಂದ 24 ತಿಂಗಳದ್ದು ಮರೆತುಹೋಗುವುದು ಹೆಚ್ಚು. ಒಂಬತ್ತು ತಿಂಗಳಿಗೆ ಮುಗಿಯಿತು ಅಂದುಕೊಂಡು ಕಾರ್ಡನ್ನು ಪೆಟ್ಟಿಗೆಯ ತಳಕ್ಕೆ ಹಾಕಿಟ್ಟಿರುತ್ತಾರೆ. ಎಂಆರ್-2, ಡಿಪಿಟಿ ಬೂಸ್ಟರ್, ಪೋಲಿಯೊ ಬೂಸ್ಟರ್ ಇರುವುದು ಆಗ. ಎಂಆರ್-1 ಹಾಕಿದ ದಿನವೇ ಕೌಂಟರ್‌ಫಾಯಿಲನ್ನು ಏಳು ತಿಂಗಳು ಮುಂದಿನ ಜೇಬಿಗೆ ಹಾಕಿ, ಅಂಗನವಾಡಿ ಟೀಚರ್ ಪುಸ್ತಕದಲ್ಲೂ ಬರೆಸಿ. ಐದು ವರ್ಷದ ಡಿಪಿಟಿಗೆ ಶಾಲೆ ಶುರುವಾದ ಮೊದಲ ವಾರಗಳಲ್ಲೇ ಹೆಡ್‌ಮಾಸ್ತರರಿಂದ ಒಂದನೇ ತರಗತಿಯ ಹೊಸ ಮಕ್ಕಳ ಪಟ್ಟಿ ಪಡೆಯಿರಿ. 10 ಮತ್ತು 16 ವರ್ಷದ ಟಿಡಿಗೂ ಅದೇ ದಿನ ಶಾಲೆಯಲ್ಲೇ ದಿನಾಂಕ ಗೊತ್ತುಮಾಡಿಕೊಂಡು ಬನ್ನಿ.